ಕೆಂಪು ದಾರದ ಕೊನೆಯ ಹೊಲಿಗೆ

ಪುಸ್ತಕಗಳಿಗೆ ರಟ್ಟು ಕಟ್ಟುವ ಆ ಅಂಗಡಿಯ ಯಜಮಾನನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬೀದಿಯವರು ಅದನ್ನು ಮರೆತು ಬಹಳ ಕಾಲವಾಗಿತ್ತು. ಎಲ್ಲರ ಬಾಯಲ್ಲೂ ಅವನು ನಾಳೆಯಪ್ಪ. "ಆಗಿದೆಯೇನ್ರೀ?" ಎಂದು ಯಾರು ಕೇಳಿದರೂ ತಲೆಯೆತ್ತದೆ, "ನಾಳೆ ಖಂಡಿತ" ಎನ್ನುತ್ತಿದ್ದ. ಆ 'ಖಂಡಿತ'ಕ್ಕೆ ಬೀದಿಯಲ್ಲಿ ಕವಡೆ ಕಿಮ್ಮತ್ತೂ ಇರಲಿಲ್ಲ. ಆದರೂ ಜನ ಅವನ ಅಂಗಡಿಗೇ ಬರುತ್ತಿದ್ದರು. ಅವನು ಹೊಲಿದ ಪುಸ್ತಕ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚಿಕೊಳ್ಳುತ್ತಿರಲಿಲ್ಲ.

ಅಂಗಡಿ ಎಂದರೆ ಒಂದೂವರೆ ಕೋಣೆ. ಮುಂದಿನ ಕೋಣೆಯಲ್ಲಿ ಅಗಲವಾದ ಮರದ ಮೇಜು. ಅದರ ಒಂದು ತುದಿಯಲ್ಲಿ ಪುಸ್ತಕಗಳನ್ನು ಹಿಡಿದು ಒತ್ತುವ ಕಬ್ಬಿಣದ ತಿರುಪು, ಇನ್ನೊಂದು ತುದಿಯಲ್ಲಿ ಅಂಚು ಕತ್ತರಿಸುವ ಯಂತ್ರ. ಹಿಂದಿನ ಅರ್ಧ ಕೋಣೆಯಲ್ಲಿ ಅಂಟು ಕಾಯಿಸುವ ಒಲೆ, ರಟ್ಟಿನ ಹಾಳೆಗಳು, ಬಟ್ಟೆಯ ಸುರುಳಿಗಳು. ಮೇಜಿನ ಮೇಲೆ ಯಾವಾಗಲೂ ಹತ್ತು ಹನ್ನೆರಡು ಪುಸ್ತಕಗಳು ಒಂದೊಂದು ಅವಸ್ಥೆಯಲ್ಲಿ ಬಿದ್ದಿರುತ್ತಿದ್ದವು. ಒಂದಕ್ಕೆ ಹೊಲಿಗೆಯಾಗಿದೆ, ರಟ್ಟಿಲ್ಲ. ಇನ್ನೊಂದಕ್ಕೆ ರಟ್ಟು ಸಿದ್ಧವಾಗಿದೆ, ಒಳಗಿನ ಹಾಳೆಗಳು ಎಲ್ಲಿವೆಯೋ ಆ ದೇವರಿಗೇ ಗೊತ್ತು. ಕತ್ತರಿ ಹುಡುಕಲು ಎದ್ದವನು ದಾರಿಯಲ್ಲಿ ಸಿಕ್ಕ ಹಳೆಯ ಪುಸ್ತಕವೊಂದರ ಬೆನ್ನು ಸವರುತ್ತ ನಿಂತುಬಿಡುತ್ತಿದ್ದ. ಕತ್ತರಿ ಅವನ ಜೇಬಿನಲ್ಲೇ ಇರುತ್ತಿತ್ತು.

ಅವನ ಅಂಗಿಯ ಗುಂಡಿಗಳಲ್ಲಿ ಸದಾ ಕೆಂಪು ದಾರದ ತುಂಡುಗಳು ನೇತಾಡುತ್ತಿದ್ದವು. ಬಿಳಿ ದಾರ ಹೊಲಿಗೆಗೆ, ಕೆಂಪು ದಾರ ನೆನಪಿಗೆ. ಒಂದು ಕೆಲಸ ನೆನಪಿಡಬೇಕಾದರೆ ಒಂದು ಗುಂಡಿಗೆ ಒಂದು ಗಂಟು. ತೀರ ಮುಖ್ಯವಾದದ್ದಿದ್ದರೆ ಎಡಗೈಯ ಮಣಿಕಟ್ಟಿಗೆ ಎರಡು ಸುತ್ತು. ಸಂಜೆಯ ಹೊತ್ತಿಗೆ ಐದು ಗಂಟುಗಳಿದ್ದರೆ ಮೂರರ ಅರ್ಥ ಹೊಳೆಯುತ್ತಿತ್ತು, ಉಳಿದೆರಡನ್ನು ಹಿಡಿದುಕೊಂಡು, "ಇದನ್ನ ಯಾಕೆ ಕಟ್ಟಿದೆ?" ಎಂದು ಹೆಂಡತಿಯನ್ನು ಕೇಳುತ್ತಿದ್ದ.

"ನಿಮ್ಮ ಅಂಗಿ ಒಗೆಯೋಕೆ ಮುಂಚೆ ನಿಮ್ಮ ನೆನಪನ್ನೆಲ್ಲ ನಾನು ಕತ್ತರಿಸಿ ಹಾಕ್ಬೇಕು," ಎನ್ನುತ್ತಿದ್ದಳು ಅವಳು.

ಈ ದಾರದ ಉಪಾಯವನ್ನು ಹೇಳಿಕೊಟ್ಟವಳು ಅವನ ಅಕ್ಕ. ಅವನಿಗಿಂತ ಎಂಟು ವರ್ಷ ದೊಡ್ಡವಳು. ತಂದೆ ಬೇಗ ತೀರಿಕೊಂಡಿದ್ದರು. ತಾಯಿ ಒಂದು ಲಾಂಡ್ರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ಇಸ್ತ್ರಿ ಮಾಡುತ್ತಿದ್ದಳು. ತಮ್ಮನಿಗೆ ಸ್ನಾನ ಮಾಡಿಸಿ, ಉಣ್ಣಿಸಿ, ಚೀಲ ತುಂಬಿಸಿ ಶಾಲೆಗೆ ಅಟ್ಟುವ ಕೆಲಸ ಹದಿನಾಲ್ಕು ವರ್ಷದ ಹುಡುಗಿಯ ಪಾಲಿಗೆ ಬಂದಿತ್ತು. ಅವನು ದಿನಕ್ಕೊಂದು ವಸ್ತು ಕಳೆದುಕೊಂಡು ಬರುತ್ತಿದ್ದ. ಬೈದು ಸಾಕಾದ ಒಂದು ದಿನ ಅವಳು ತನ್ನ ಜಡೆಯ ಕೆಂಪು ಟೇಪಿನಿಂದ ಒಂದು ಎಳೆ ಎಳೆದು ಅವನ ಕೈಗೆ ಕಟ್ಟಿ, "ಇದನ್ನ ನೋಡಿದಾಗೆಲ್ಲ ಛತ್ರಿ ಅಂದ್ಕೋ," ಎಂದಿದ್ದಳು. ಅಂದು ಛತ್ರಿ ಮನೆಗೆ ಬಂತು. ಅವನ ಬಾಳಿನ ಮೊದಲ ಗೆಲುವು ಅದು.

ಮುಂದೆ ಅಕ್ಕ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಕೆಲಸಕ್ಕೆ ಸೇರಿದಳು. ಮೂವತ್ತನಾಲ್ಕು ವರ್ಷ ಖಾನೆಗಳ ಮುಂದೆ ನಿಂತು ಕೆಲಸ ಮಾಡಿದಳು. ಅವಳ ಕೈಯಿಂದ ಒಂದು ಕಾರ್ಡು ಕೂಡ ತಪ್ಪು ಖಾನೆಗೆ ಬೀಳಲಿಲ್ಲ ಎಂಬ ಮಾತು ಅಲ್ಲಿ ಇಂದಿಗೂ ಇದೆ. ವಿಳಾಸ ಅರ್ಧ ಅಳಿಸಿಹೋದ ಕಾಗದವನ್ನೂ ಹೇಗಾದರೂ ಪತ್ತೆ ಮಾಡಿ ಮುಟ್ಟಿಸುತ್ತಿದ್ದಳಂತೆ.

ಆ ಅಕ್ಕ ಅವನ ಜೊತೆ ಮಾತು ಬಿಟ್ಟು ಏಳು ವರ್ಷವಾಗಿತ್ತು.

ಅಂದು ನಡೆದದ್ದು ಇಷ್ಟು. ತಾಯಿ ಆಸ್ಪತ್ರೆಯಲ್ಲಿದ್ದಳು. ಹೆಂಡತಿ ಆ ವಾರ ತವರಿಗೆ ಹೋಗಿದ್ದಳು. ಮಧ್ಯಾಹ್ನ ಎರಡು ಗಂಟೆಗೆ ಅಕ್ಕ ಫೋನು ಮಾಡಿ, "ನಾಲ್ಕು ಗಂಟೆಗೆ ಒಳಗೆ ಬಿಡ್ತಾರೆ. ಬಂದುಬಿಡು. ಅಮ್ಮ ನಿನ್ನನ್ನೇ ಕೇಳ್ತಿದಾಳೆ. ಡಾಕ್ಟರ ಮುಖ ನೋಡಿದ್ರೆ ನನಗೆ ಭಯ ಆಗ್ತಿದೆ," ಎಂದಳು. ಅವನು ಒಡನೆ ಕೆಂಪು ದಾರವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ ಬಿಗಿದ. ಆಸ್ಪತ್ರೆಗೆ ಕಾಲು ಗಂಟೆಯ ದಾರಿ. ಇನ್ನೂ ಎರಡು ಗಂಟೆ ಇತ್ತು. ಸುಮ್ಮನೆ ಕೂತರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಒಂದು ಶಾಲೆಯ ದಪ್ಪ ನಿಘಂಟನ್ನು ಮುಂದಕ್ಕೆ ಎಳೆದುಕೊಂಡ.

ನಿಘಂಟು ತೀರ ಶಿಥಿಲವಾಗಿತ್ತು. ಹದಿನಾರು ಹದಿನಾರು ಪುಟಗಳ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ, ಹರಿದ ಬೆನ್ನಿಗೆ ತೆಳ್ಳನೆಯ ಕಾಗದ ಅಂಟಿಸಿ, ಮತ್ತೆ ಹೊಲಿಯಬೇಕು. ಅಂಥ ಕೆಲಸ ಸಿಕ್ಕಿದರೆ ಅವನಿಗೆ ಲೋಕವೇ ಇಲ್ಲ. ಸೂಜಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಒಂದು ಮಡಿಕೆ ಇನ್ನೊಂದನ್ನು ಅಪ್ಪಿಕೊಳ್ಳುತ್ತದೆ. ಫೋನು ಹಿಂದಿನ ಕೋಣೆಯಲ್ಲಿ ಬಟ್ಟೆಯ ಸುರುಳಿಗಳ ಕೆಳಗೆ ಎಲ್ಲೋ ಇತ್ತು. ಅದು ಏಳು ಸಲ ಬಡಿದುಕೊಂಡದ್ದು ಅವನ ಕಿವಿಗೆ ಬೀಳಲಿಲ್ಲ. ಅಕ್ಷರ ಕಾಣದಷ್ಟು ಬೆಳಕು ಕುಂದಿ, ದೀಪ ಹಾಕಲು ಎದ್ದು ಗಡಿಯಾರದ ಕಡೆ ನೋಡಿದಾಗ ಆರೂ ಮುಕ್ಕಾಲು.

ಚಪ್ಪಲಿ ಮೆಟ್ಟದೆ ಓಡಿದ. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಕ್ಕ ತಾಯಿಯ ಕನ್ನಡಕವನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಐದೂವರೆಗೆ ಎಲ್ಲ ಮುಗಿದಿತ್ತು.

"ಅಕ್ಕ, ನಾನು..."

"ಏನೂ ಹೇಳ್ಬೇಡ. ಬೇಕಾಗಿದ್ರೆ ನೆನಪಿರ್ತಿತ್ತು."

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಆ ಒಂದು ಮಾತು ಆಡಿ ಒಳಗೆ ಹೋದಳು. ಅಲ್ಲಿಂದ ಮುಂದೆ ಏನೇ ಹೇಳುವುದಿದ್ದರೂ ಅವನ ಹೆಂಡತಿಯ ಮೂಲಕ ಹೇಳಿಸುತ್ತಿದ್ದಳು. ಅವನು ಅಂದು ತನ್ನ ಮಣಿಕಟ್ಟನ್ನು ನೋಡಿಕೊಂಡ. ದಾರ ಇರಲಿಲ್ಲ.

ಅದು ಎಲ್ಲಿ ಹೋಯಿತೆಂದು ತಿಳಿದದ್ದು ಹತ್ತು ದಿನ ಬಿಟ್ಟು. ನಿಘಂಟನ್ನು ಶಾಲೆಗೆ ಕೊಡುವ ಮುಂಚೆ ಒಮ್ಮೆ ಹಾಳೆ ತಿರುವಿ ನೋಡುತ್ತಿದ್ದ. ಎಲ್ಲ ಮಡಿಕೆಗಳ ನಡುವೆಯೂ ಬಿಳಿ ದಾರ. ಕಟ್ಟಕಡೆಯ ಮಡಿಕೆಯ ನಡುವೆ ಕೆಂಪು ದಾರ. ಬಿಳಿ ದಾರ ಸಾಲದೆ ಬಂದಿತ್ತು. ಹಿಂದಿನ ಕೋಣೆಗೆ ಹೋಗುವಷ್ಟು ವ್ಯವಧಾನವಿಲ್ಲದ ಅವನ ಬೆರಳುಗಳು ಹತ್ತಿರ ಸಿಕ್ಕ ದಾರವನ್ನು ಹಲ್ಲಿನಿಂದ ಕಡಿದು, ಸೂಜಿಗೆ ಪೋಣಿಸಿ, ಹೊಲಿಗೆ ಮುಗಿಸಿದ್ದವು. ತಾಯಿಯ ನೆನಪಿಗೆಂದು ಕಟ್ಟಿಕೊಂಡ ದಾರವನ್ನೇ ಅವನು ಹೊಲಿದುಬಿಟ್ಟಿದ್ದ. ಹೊಲಿಗೆ ಬಿಚ್ಚಲಿಲ್ಲ. ಪುಸ್ತಕ ಮುಚ್ಚಿ ಶಾಲೆಗೆ ಕೊಟ್ಟು ಬಂದ. ಆ ವಿಷಯವನ್ನು ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಅಕ್ಕನ ಮಾತು ನಿಜವೆಂದು ತಾನೇ ರುಜು ಹಾಕಿಕೊಟ್ಟ ಹಾಗಾಗುತ್ತದೆ ಎಂದು ಅವನಿಗೆ ಅನ್ನಿಸಿತ್ತು.

ಏಳು ವರ್ಷ ಅವನು ಆ ಒಂದೇ ಪ್ರಶ್ನೆಯನ್ನು ಮಗ್ಗುಲಿಗೆ ಹಾಕಿಕೊಂಡು ಬದುಕಿದ. ನನಗೆ ಅಮ್ಮ ಬೇಕಿರಲಿಲ್ಲವೆ?

ಹೀಗಿರುವಾಗ ಒಂದು ಬೆಳಿಗ್ಗೆ ಕಾಲೇಜಿನ ಉಪನ್ಯಾಸಕಿಯೊಬ್ಬಳು ತನ್ನ ಪ್ರಬಂಧದ ಪ್ರತಿಗಳನ್ನು ಒಯ್ಯಲು ನಾಲ್ಕನೆಯ ಸಲ ಬಂದಳು. ಆಗಿರಲಿಲ್ಲ.

"ನಾಳೆ ಖಂಡಿತ, ಮೇಡಂ."

"ಯಾವ ನಾಳೆ, ಯಜಮಾನ್ರೇ? ಹೋದ ವಾರದ್ದಾ, ಬರೋ ವಾರದ್ದಾ?" ಎಂದು ನಕ್ಕು ಅವಳು ಮುಕ್ಕಾಲಿಯ ಮೇಲೆ ಕೂತಳು. ಬೈಯಲಿಲ್ಲ. ಮೇಜನ್ನು, ಗುಂಡಿಯ ದಾರಗಳನ್ನು, ಆರಿಹೋದ ಒಲೆಯ ಮೇಲೆ ಗಟ್ಟಿಯಾದ ಅಂಟನ್ನು ನೋಡಿದಳು. ಆಮೇಲೆ, "ತಪ್ಪು ತಿಳೀಬೇಡಿ. ಈ ಪ್ರಬಂಧ ನಾನು ಮೂರು ವರ್ಷ ತಡವಾಗಿ ಬರೆದಿದ್ದು. ನನ್ನ ಮನೆ ಒಳಗೆ ಬಂದು ನೋಡಿದ್ರೆ ನಿಮ್ಮ ಅಂಗಡಿ ತುಂಬ ಒಪ್ಪವಾಗಿದೆ ಅಂತೀರ. ಎರಡು ವರ್ಷದ ಹಿಂದೆ ಪರೀಕ್ಷೆ ಮಾಡಿಸ್ಕೊಂಡೆ. ಎಡಿಎಚ್‌ಡಿ ಅಂದ್ರು," ಎಂದಳು.

"ಅದೇನು, ಮೇಡಂ, ಡಿಗ್ರಿನಾ?"

ಅವಳು ಬಿದ್ದು ಬಿದ್ದು ನಕ್ಕಳು. "ಹುಟ್ಟಿದಾಗಿಂದ ಓದಿ ಪಡ್ಕೊಂಡ ಡಿಗ್ರಿ. ಮನಸ್ಸಿಗೆ ಗಮನ ಇಲ್ಲ ಅಂತಲ್ಲ. ಎಲ್ಲಿಡಬೇಕೋ ಅಲ್ಲಿ ಇಡೋಕೆ ಆಗಲ್ಲ. ಒಂದು ಕಡೆ ಅಂಟಿತು ಅಂದ್ರೆ ಕೀಳೋಕಾಗಲ್ಲ. ಎಷ್ಟು ಮುಖ್ಯವಾದದ್ದಿದ್ರೂ ಅಷ್ಟೇ."

ನಾಳೆಯಪ್ಪನ ಕೈ ನಿಂತಿತು.

"ಎಷ್ಟು ಮುಖ್ಯವಾದದ್ದಿದ್ರೂ?"

"ಪ್ರಾಣದಷ್ಟು ಮುಖ್ಯವಾದದ್ದಿದ್ರೂ."

ಅಂದು ಸಂಜೆ ಅವನು ಒಂದೂ ದಾರ ನೋಡದೆ, ಯಾವುದನ್ನೂ ಮರೆಯದೆ, ಉಪನ್ಯಾಸಕಿ ಹೇಳಿದ್ದನ್ನೆಲ್ಲ ಹೆಂಡತಿಗೆ ಹೇಳಿದ. ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಎರಡು ವರ್ಷ ಬಿಟ್ಟು ಒಂದು ದಿನಾಂಕ ಕೊಟ್ಟರು.

"ಅಲ್ಲೀತನಕ ಆ ದಿನಾಂಕ ನೆನಪಿಟ್ಕೊಂಡು ಹೋದ್ರೆ, ನಿಮಗೆ ಏನೂ ಆಗಿಲ್ಲ ಅಂತ ಅವರೇ ಬರೆದುಕೊಡ್ತಾರೆ," ಎಂದಳು ಹೆಂಡತಿ. "ಖಾಸಗಿಗೇ ಹೋಗೋಣ. ಆದ್ರೆ ಐವತ್ತೆರಡು ವರ್ಷಕ್ಕೆ ಇದೆಲ್ಲ ಯಾಕೆ ಅಂತ ಹೇಳಿ."

"ಅಕ್ಕನಿಗೆ ತೋರಿಸ್ಬೇಕು."

ಅವಳು ಮತ್ತೆ ಕೇಳಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿ, ಹನ್ನೊಂದು ಗಂಟೆಯ ಭೇಟಿಯನ್ನು ಗಂಡನಿಗೆ ಹತ್ತು ಎಂದು ಹೇಳಿದಳು. ಮದುವೆಯಾದಂದಿನಿಂದ ಅವಳು ಅವನಿಗೆ ಸರಿಯಾದ ಗಂಟೆಯನ್ನು ಹೇಳಿದ್ದೇ ಇಲ್ಲ. ಅವನಿಗೂ ಅದು ಗೊತ್ತು. ಆದರೆ ಗೊತ್ತಿರುವುದು ಸಮಯಕ್ಕೆ ನೆನಪಾಗುತ್ತಿರಲಿಲ್ಲವಾದ್ದರಿಂದ ಸಂಸಾರ ಸಾಗಿತ್ತು.

ಚಿಕಿತ್ಸಾಲಯ ಮೂರನೆಯ ಮಹಡಿಯಲ್ಲಿತ್ತು. ತಿಳಿಹಸಿರು ಗೋಡೆ, ಎರಡು ಕುರ್ಚಿ, ಒಂದು ಗಡಿಯಾರ. ವೈದ್ಯೆ ಅವನಿಗಿಂತ ಚಿಕ್ಕವಳು, ಮೆತ್ತಗೆ ಮಾತಾಡುವವಳು. ಉದ್ದನೆಯ ಪಟ್ಟಿ ಹಿಡಿದು ಒಂದೊಂದೇ ಕೇಳುತ್ತ ಹೋದಳು. ಮುಗಿಸದೆ ಬಿಟ್ಟ ಕೆಲಸಗಳು ಎಷ್ಟು? ಬೀಗದ ಕೈ ಎಷ್ಟು ಸಲ ಕಳೆದಿದೆ? ಸರದಿಯಲ್ಲಿ ನಿಲ್ಲುವಾಗ ಏನಾಗುತ್ತದೆ?

"ಎದುರಿಗಿರೋರು ಮಾತಾಡ್ತಿರುವಾಗ ನಿಮ್ಮ ಮನಸ್ಸು ಬೇರೆಲ್ಲಾದ್ರೂ ಹೋಗುತ್ತಾ?"

"ಏನಂದ್ರಿ?" ಎಂದ ನಾಳೆಯಪ್ಪ. ಅವನು ಅವಳ ಮೇಜಿನ ಮೇಲಿದ್ದ ಪುಸ್ತಕದ ಬೆನ್ನು ನೋಡುತ್ತಿದ್ದ, ಅಂಟು ಬಿಟ್ಟಿತ್ತು.

ಮೂಲೆಯಲ್ಲಿ ಕೂತಿದ್ದ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ವೈದ್ಯೆ ಏನನ್ನೋ ಬರೆದುಕೊಂಡಳು.

ಎರಡು ಗಂಟೆಯಾದ ಮೇಲೆ ಅವಳು ಒಂದು ಪ್ರಶ್ನಾವಳಿ ಕೊಟ್ಟಳು. "ಇದು ಹೊಸದಾಗಿ ಬಂದದ್ದೋ, ಬಾಲ್ಯದಿಂದ ಇದ್ದದ್ದೋ ನಮಗೆ ಗೊತ್ತಾಗ್ಬೇಕು. ನಿಮಗೆ ಹನ್ನೆರಡು ತುಂಬೋಕೆ ಮುಂಚೆಯಿಂದ ನಿಮ್ಮನ್ನ ಚೆನ್ನಾಗಿ ಬಲ್ಲವರು ಇದನ್ನ ತುಂಬಿ ಕಳಿಸ್ಬೇಕು. ಶಾಲೆಯ ಅಂಕಪಟ್ಟಿ ಇದ್ರೆ ಅದೂ ಬೇಕು. ತಾಯಿ ಇದಾರಾ?"

"ಇಲ್ಲ."

"ಇನ್ಯಾರು?"

ಅವನು ಹೆಂಡತಿಯ ಮುಖ ನೋಡಿದ. ಹೆಂಡತಿ ಅವನ ಮುಖ ನೋಡಿದಳು. ಅಕ್ಕನನ್ನು ಬಿಟ್ಟರೆ ಇನ್ಯಾರೂ ಇರಲಿಲ್ಲ.

ಅಕ್ಕನ ಮನೆ ಎರಡು ಬಸ್ಸಿನ ದೂರದಲ್ಲಿ, ಎರಡನೆಯ ಮಹಡಿಯಲ್ಲಿತ್ತು. ಅವಳು ಮದುವೆಯಾಗಿರಲಿಲ್ಲ. ಬಾಗಿಲ ಪಕ್ಕದಲ್ಲಿ ಬೀಗದ ಕೈಗಳಿಗೆ ಮೊಳೆ, ಮೊಳೆಯ ಮೇಲೆ ಚೀಟಿ. ಬಾಗಿಲು ತೆರೆದವಳು ತಮ್ಮನನ್ನು ನೋಡಿ, ಅವನ ಹಿಂದೆ ಹೆಂಡತಿ ಇದ್ದಾಳೆಯೇ ಎಂದು ನೋಡಿದಳು. ಇರಲಿಲ್ಲ. ಮಂಡಿ ನೋವಿನ ಕಾಲನ್ನು ಎಳೆಯುತ್ತ ಒಳಗೆ ಹೋಗಿ ಕುರ್ಚಿಯಲ್ಲಿ ಕೂತಳು. ಅವನು ನಿಂತೇ ಇದ್ದ. ಪ್ರಶ್ನಾವಳಿಯನ್ನು ಚಾಚಿ, ಬಾಯಿಗೆ ಬಂದಂತೆ ಎಲ್ಲವನ್ನೂ ಹೇಳಿದ.

ಅಕ್ಕ ಮೊದಲ ಪುಟವನ್ನು ಓದಿದಳು. ಏಳು ವರ್ಷದ ಮೇಲೆ ಅವನಿಗೆ ನೇರವಾಗಿ ಆಡಿದ ಮೊದಲ ಮಾತು, "ಮರೆವಿಗೆ ಈಗ ಡಾಕ್ಟರ ಸರ್ಟಿಫಿಕೇಟು ಬೇರೆ," ಎಂಬುದಾಗಿತ್ತು.

"ಬರೆಯೋದಿಲ್ಲ ಅಂದ್ರೆ ಪರವಾಗಿಲ್ಲ, ಅಕ್ಕ."

"ಬರೆಯಲ್ಲ ಅಂದೆನಾ? ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಬರೀತೀನಿ. ಅನುಕೂಲಕ್ಕೆ ತಕ್ಕ ಹಾಗೆ ಬರೆಯಲ್ಲ."

"ಆಯ್ತು. ಶುಕ್ರವಾರ ಬಂದು ತಗೊಂಡು ಹೋಗ್ತೀನಿ."

"ಬೇಡ. ನಿನ್ನ ಕೈಲಿ ಕೊಟ್ರೆ ಮುಟ್ಟಿದ ಹಾಗೇ. ನಾನೇ ಅಂಚೆಗೆ ಹಾಕ್ತೀನಿ."

ಅವನು ಹೊರಟ. ಮೆಟ್ಟಿಲ ಹತ್ತಿರ ಹೋದಾಗ ಹಿಂದಿನಿಂದ, "ಛತ್ರಿ," ಎಂಬ ಮಾತು ಕೇಳಿತು. ತಿರುಗಿ ನೋಡಿದರೆ ಅವನು ಬಿಟ್ಟ ಛತ್ರಿಯನ್ನು ಅಕ್ಕ ಬಾಗಿಲಲ್ಲಿ ಹಿಡಿದು ನಿಂತಿದ್ದಳು. ಮುಖ ಬೇರೆ ಕಡೆ ಇತ್ತು. ಆದರೂ ಬಸ್ಸಿನಲ್ಲಿ ಅವನು ಆ ಛತ್ರಿಯನ್ನು ಮಡಿಲಲ್ಲಿಟ್ಟುಕೊಂಡೇ ಕೂತ.

ಎರಡನೆಯ ಭೇಟಿಯಲ್ಲಿ ಅವನನ್ನು ಗಣಕಯಂತ್ರದ ಮುಂದೆ ಕೂರಿಸಿದರು. ಪರದೆಯ ಮೇಲೆ ಅಕ್ಷರಗಳು ಬರುತ್ತವೆ. ಒಂದು ಅಕ್ಷರ ಬಂದಾಗ ಮಾತ್ರ ಗುಂಡಿ ಒತ್ತಬಾರದು. ಅವನು ಒತ್ತಬಾರದಾಗಲೇ ಒತ್ತಿದ, ಒತ್ತಬೇಕಾದಾಗ ಕಿಟಕಿಯ ಗಾಜಿನ ಮೇಲಿನ ನೊಣವನ್ನು ನೋಡುತ್ತಿದ್ದ. ಆಮೇಲೆ ವೈದ್ಯೆ ಯಂತ್ರವನ್ನು ಆರಿಸಿ, "ಈ ತೊಂದರೆಯಿಂದ ನಿಮಗೆ ಆದ ದೊಡ್ಡ ನಷ್ಟ ಯಾವುದು?" ಎಂದು ಕೇಳಿದಳು. ಅಂದು ಹೆಂಡತಿ ಹೊರಗೆ ಕೂತಿದ್ದಳು. ಅವನು ಕೆಂಪು ದಾರದ ಸಂಗತಿಯನ್ನು ಮೊದಲ ಬಾರಿಗೆ ಒಬ್ಬರಿಗೆ ಹೇಳಿದ. ವೈದ್ಯೆ ಬರೆಯುವುದನ್ನು ನಿಲ್ಲಿಸಿ ಕೇಳಿದಳು.

ಮೂರನೆಯ ಭೇಟಿಯಲ್ಲಿ ತೀರ್ಮಾನ ಹೇಳಿದಳು. ಎಡಿಎಚ್‌ಡಿ, ಬಾಲ್ಯದಿಂದ ಇದ್ದದ್ದು, ಯಾರೂ ಗುರುತಿಸಿರಲಿಲ್ಲ. ಸೋಮಾರಿತನವಲ್ಲ, ಉಡಾಫೆಯಲ್ಲ. ಮಾತ್ರೆ ಇದೆ, ಅಭ್ಯಾಸಗಳಿವೆ, ನೋಡೋಣ ಎಂದಳು.

"ಇದರಲ್ಲಿ ಬರೆದಿದೆಯಾ, ಡಾಕ್ಟ್ರೇ?" ಎಂದು ಅವನು ವರದಿಯನ್ನು ಹಿಡಿದು ಕೇಳಿದ. "ನನಗೆ ನಮ್ಮ ತಾಯಿ ಬೇಕಾಗಿದ್ಳು ಅಂತ?"

"ಇಲ್ಲ. ಮರೆತದ್ದು ಯಾಕೆ ಅಂತ ಇದು ಹೇಳುತ್ತೆ. ಪ್ರೀತಿ ಅಳೆಯೋ ಪ್ರಶ್ನಾವಳಿ ನಮ್ಮ ಹತ್ತಿರ ಇಲ್ಲ, ಯಜಮಾನ್ರೇ."

ಮಾತ್ರೆ ತೆಗೆದುಕೊಳ್ಳುವುದನ್ನು ಅವನು ಮೊದಲ ಮೂರು ದಿನ ಮರೆತ. ಮರೆವಿನ ಮಾತ್ರೆ ಮರೆತವನು ಎಂದು ಹೆಂಡತಿ ಅದನ್ನು ಬೆಳಗಿನ ಕಾಫಿಯ ಲೋಟದ ಪಕ್ಕದಲ್ಲೇ ಇಟ್ಟು ಕೊಡತೊಡಗಿದಳು. ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಅವನು ಮೇಜಿನ ಮುಂದೆ ಕೂತು ಉಪನ್ಯಾಸಕಿಯ ಪ್ರಬಂಧಗಳನ್ನು ಹೊಲಿದು, ಅಂಟು ಹಾಕಿ, ತಿರುಪಿನಲ್ಲಿ ಬಿಗಿದು ಎದ್ದ. ಗಡಿಯಾರ ನೋಡಿದ. ಒಂದು ಕೆಲಸ ಹಿಡಿದು ಅದನ್ನೇ ಮುಗಿಸಿದ್ದ. ತಲೆಯೊಳಗೆ ಸದಾ ಇದ್ದ ಸಂತೆಯ ಗದ್ದಲ ಇರಲಿಲ್ಲ. ಮೌನ ಎಂದರೆ ಇದೇ ಏನೋ ಎಂದು ನಿಂತವನಿಗೆ ಇದ್ದಕ್ಕಿದ್ದಂತೆ ಅಳು ಬಂತು. ಈ ಮೌನ ಹತ್ತನೆಯ ವಯಸ್ಸಿನಲ್ಲಿ ಸಿಕ್ಕಿದ್ದರೆ ಎಂದು ಲೆಕ್ಕ ಹಾಕಿದ, ಬೇಡವೆಂದು ಬಿಟ್ಟ. ಏಳು ವರ್ಷದ ಹಿಂದಿನ ಒಂದು ಮಧ್ಯಾಹ್ನಕ್ಕಾದರೂ ಸಿಕ್ಕಿದ್ದರೆ ಎನ್ನುವುದನ್ನು ಮಾತ್ರ ಬಿಡಲಾಗಲಿಲ್ಲ.

ವರದಿಯ ಹನ್ನೆರಡು ಹಾಳೆಗಳನ್ನು ಅವನು ಬಿಳಿ ದಾರದಲ್ಲಿ ಹೊಲಿದು, ನೀಲಿ ಬಟ್ಟೆಯ ರಟ್ಟು ಹಾಕಿದ. ಅಕ್ಕನ ಮನೆಗೆ ಭಾನುವಾರ ನಾಲ್ಕು ಗಂಟೆಗೆ ಬರುತ್ತೇನೆಂದು ಹೇಳಿಸಿದ್ದ. ಎರಡೂವರೆಗೇ ಹೋಗಿ ಎದುರಿನ ಕಟ್ಟೆಯ ಮೇಲೆ ಕೂತು, ನಾಲ್ಕಕ್ಕೆ ಸರಿಯಾಗಿ ಬಾಗಿಲು ತಟ್ಟಿದ.

ಅಕ್ಕ ಗಡಿಯಾರ ನೋಡಿದಳು. ವರದಿಯನ್ನು ತೆಗೆದುಕೊಂಡು, ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಓದತೊಡಗಿದಳು. ಅವಳು ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಓದುವವಳು. ನಾಲ್ಕನೆಯ ಪುಟಕ್ಕೆ ಬಂದಾಗ ಕೇಳಿದಳು. "ನೀನು ಇದನ್ನ ಪೂರ್ತಿ ಓದಿದ್ಯಾ?"

"ಮೊದಲನೇ ಪುಟ ಓದಿದೆ. ಆಮೇಲೆ ಕೊನೇದು."

"ಅದೇ ಅಂದ್ಕೊಂಡೆ." ಅವಳು ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಅವಳೇ ಬರೆದು ಕಳಿಸಿದ ಮಾತುಗಳನ್ನು ವೈದ್ಯೆ ಹಾಗೆಯೇ ಸೇರಿಸಿದ್ದಳು. "'ಅವನಿಗೆ ಹತ್ತು ವರ್ಷವಿದ್ದಾಗ ತಾಯಿಯ ಔಷಧಿ ತರಲು ಕಳಿಸಿದ್ದೆ. ಔಷಧಿಯೂ ಇಲ್ಲದೆ, ಸೀಸೆಯೂ ಇಲ್ಲದೆ ಬಂದ. ಅಡಿಕೋಲಿನಿಂದ ಹೊಡೆದು, ನೆನಪಾಗುವವರೆಗೆ ಒಳಗೆ ಬರಬೇಡ ಎಂದು ಬಾಗಿಲ ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದೆ. ಮೂರು ಗಂಟೆ ನಿಂತಿದ್ದ. ಬಾಗಿಲು ತೆರೆದಾಗ ಇರುವೆಗಳ ಸಾಲನ್ನು ನೋಡುತ್ತಿದ್ದ. ನನ್ನನ್ನು ನೋಡಿ ನಕ್ಕ. ಅದಕ್ಕೆ ಮತ್ತೆ ಹೊಡೆದೆ.'"

"ನನಗೆ ಅದು ನೆನಪಿಲ್ಲ, ಅಕ್ಕ."

"ನನಗಿದೆ." ಅವಳು ಹಾಳೆ ತಿರುವಿದಳು. "ಆಗಲೂ ಇತ್ತಾ ಇದು? ಹೊಡೆದಾಗ?"

"ಇತ್ತಂತೆ."

"ನೀನು ಬೇಕಂತ ಮಾಡ್ತಿರ್ಲಿಲ್ಲ."

"ಇಲ್ಲ."

ಅವಳು ಮುಂದೆ ಓದಿದಳು. ಒಂಬತ್ತನೆಯ ಪುಟದಲ್ಲಿ ಅವಳ ಬೆರಳು ನಿಂತಿತು. ಅಲ್ಲಿ ನಿಘಂಟು ಇತ್ತು, ಸೂಜಿ ಇತ್ತು, ದಾರ ಇತ್ತು. ಅವಳು ಅದನ್ನು ಗಟ್ಟಿಯಾಗಿ ಓದಲಿಲ್ಲ. ಓದಿದಳು, ಮತ್ತೆ ಮೇಲಿನಿಂದ ಓದಿದಳು. ಆಮೇಲೆ ಕನ್ನಡಕ ತೆಗೆದಳು.

"ಕೈಗೆ ಕಟ್ಕೊಂಡಿದ್ಯಾ?"

"ಎರಡು ಸುತ್ತು."

"ಆ ಪುಸ್ತಕ ಎಲ್ಲಿದೆ ಈಗ?"

"ಶಾಲೇಲೇ ಇರ್ಬೇಕು."

"ಬಿಚ್ಚಲಿಲ್ವಾ?"

"ಮನಸ್ಸಾಗಲಿಲ್ಲ."

ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವನು ಕಾದ. ಏಳು ವರ್ಷದಿಂದ ಕಾದದ್ದು ಈಗ ಬರುತ್ತದೆ, ಅಕ್ಕ 'ಹೋಗಲಿ ಬಿಡು' ಎನ್ನುತ್ತಾಳೆ ಎಂದು ಅವಳ ಬಾಯಿಯನ್ನೇ ನೋಡುತ್ತಿದ್ದ. ಅಕ್ಕ ಗೋಡೆಯ ಕಡೆ ನೋಡುತ್ತ ಮಾತಾಡಿದಳು.

"ಐದು ಗಂಟೆಗೆ ಅಮ್ಮನಿಗೆ ಸ್ವಲ್ಪ ಎಚ್ಚರ ಇತ್ತು. ಬಾಗಿಲನ್ನೇ ನೋಡ್ತಿದ್ಳು. ನಾನು ನಿನ್ನನ್ನ ಬೈತಿದ್ದೆ. ಅವಳು ನನ್ನ ಕೈ ಹಿಡ್ಕೊಂಡು ಏನಂದ್ಳು ಗೊತ್ತಾ? 'ಬರ್ತಾ ದಾರೀಲಿ ಏನನ್ನೋ ನೋಡ್ತಾ ನಿಂತಿರ್ತಾನೆ. ಬಂದ ಮೇಲೆ ಬೈಬೇಡ ಕಣೇ. ಬಂದ್ಯಲ್ಲ, ಸಾಕು ಅನ್ನು,' ಅಂದ್ಳು."

ನಾಳೆಯಪ್ಪ ಮೇಜಿನ ಅಂಚನ್ನು ಹಿಡಿದುಕೊಂಡ.

"ನೀನು ಬಂದಾಗ ನಾನದನ್ನ ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ. ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ಯಾಕೆ ಹೇಳ್ಬೇಕು ಅನ್ನಿಸ್ತು. ಒಬ್ಬರ ಕಾಗದ ಇನ್ನೊಬ್ಬರು ಇಟ್ಕೊಳ್ಳೋದು ಎಂಥ ಅಪರಾಧ ಅಂತ ಹೊಸ ಹುಡುಗೀರಿಗೆಲ್ಲ ಪಾಠ ಹೇಳ್ತಿದ್ದೋಳು ನಾನು. ಏಳು ವರ್ಷ ನಿನ್ನದನ್ನ ಇಟ್ಕೊಂಡೆ. ನೀನು ಮರೆತೆ. ನಾನು ಮರೀಲಿಲ್ಲ, ಕಣೋ. ದಿನಾ ನೆನಪಿತ್ತು."

"ಅಕ್ಕ, ಪರವಾಗಿಲ್ಲ."

"ಪರವಾಗಿಲ್ಲ ಅನ್ಬೇಡ." ಅವಳ ದನಿ ಒಡೆದಿತ್ತು. "ನಿನ್ನ ತಪ್ಪಿಗೆ ಡಾಕ್ಟರು ಹೆಸರು ಹೇಳಿದ್ರು. ನಂದಕ್ಕೆ ಯಾರು ಹೇಳ್ತಾರೆ?"

ಅವನು ಹತ್ತಿರ ಹೋಗಿ ಅವಳ ಭುಜದ ಮೇಲೆ ಕೈಯಿಟ್ಟ. ಅವಳು ಮೆಲ್ಲನೆ, ಯಾವ ಸಿಟ್ಟೂ ಇಲ್ಲದೆ, ಆ ಕೈಯನ್ನು ತೆಗೆದು ಅವನ ಕಡೆಗೇ ಸರಿಸಿದಳು.

"ಇವತ್ತು ಹೋಗು. ನಿನ್ನ ಮುಖ ನೋಡೋಕೆ ನನಗೆ ಆಗ್ತಿಲ್ಲ."

ಕ್ಷಮೆ ಕೇಳಲು ಹೋದವನ ಪಾಲಿಗೆ ಕ್ಷಮಿಸುವ ಕೆಲಸ ಬಿದ್ದಿತ್ತು. ಅದನ್ನು ಅವನು ಬಾಗಿಲು ದಾಟುವ ಮೊದಲೇ ಮಾಡಿಯಾಗಿತ್ತು. ಆದರೆ ಪಡೆದುಕೊಳ್ಳಬೇಕಾದವಳು ಕೈ ಚಾಚಲಿಲ್ಲ. ಬೀದಿಗೆ ಇಳಿದ ಮೇಲೆ ವರದಿಯನ್ನು ಅಲ್ಲೇ ಬಿಟ್ಟು ಬಂದದ್ದು ನೆನಪಾಯಿತು. ತಲೆಯೆತ್ತಿ ನೋಡಿದ. ಕಿಟಕಿಯಲ್ಲಿ ಅಕ್ಕ ಆ ನೀಲಿ ರಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಬಾಲ್ಯದಿಂದ ಅವನು ಬಿಟ್ಟ ಒಂದೊಂದನ್ನೂ ಹಿಡಿದು ಕೂಗಿ ಕರೆದವಳು ಅಂದು ಕರೆಯಲಿಲ್ಲ. ಅವನೂ ಕೇಳಲಿಲ್ಲ. ನಿಂತೇ ಇದ್ದ; ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು.

ಆಗಲೇ ಮೂರು ವರ್ಷ ಕಳೆದಿದೆ. ಅಂಗಡಿಯ ಮೇಜಿನ ಮೇಲೆ ಈಗ ನಾಲ್ಕೈದು ಪುಸ್ತಕಗಳಷ್ಟೇ ಇರುತ್ತವೆ. ಹೇಳಿದ ದಿನಕ್ಕೆ ಕೆಲಸ ಮುಗಿಯುವುದೂ ಉಂಟು. ಬೀದಿಯವರು ಮಾತ್ರ ಹೆಸರು ಬದಲಾಯಿಸಿಲ್ಲ. ಅಕ್ಕ ಅವನ ಮನೆಗೆ ಬರುವುದಿಲ್ಲ. ಅವನು ಹೋದರೆ ಬಾಗಿಲು ತೆರೆಯುತ್ತಾಳೆ, ನೀರು ಕೊಡುತ್ತಾಳೆ, ಹೆಂಡತಿಯ ಕ್ಷೇಮ ವಿಚಾರಿಸುತ್ತಾಳೆ, ಮುಖ ನೋಡುವುದಿಲ್ಲ. ಮೊದಲು ಸಿಟ್ಟಿನಿಂದ ತಿರುಗುತ್ತಿದ್ದ ಮುಖ ಈಗ ನಾಚಿಕೆಯಿಂದ ತಿರುಗುತ್ತದೆ. ಸಿಟ್ಟಾಗಿದ್ದರೆ ಎಂದಾದರೂ ಇಳಿದೀತು ಎಂದು ಕಾಯಬಹುದಿತ್ತು ಎಂದು ಅವನಿಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಭಾನುವಾರ ನಾಲ್ಕು ಗಂಟೆಗೆ ಅವನು ಫೋನು ಮಾಡುತ್ತಾನೆ. ಅದಕ್ಕಾಗಿ ಬೆಳಿಗ್ಗೆಯೇ ಮಣಿಕಟ್ಟಿಗೆ ಕೆಂಪು ದಾರ ಸುತ್ತಿಕೊಳ್ಳುತ್ತಾನೆ. ಅಂದು ಸೂಜಿ ಮುಟ್ಟುವುದಿಲ್ಲ. ಅಕ್ಕ ಮೊದಲ ರಿಂಗಿಗೇ ಫೋನು ಎತ್ತುತ್ತಾಳೆ. ಪಕ್ಕದಲ್ಲೇ ಕೂತಿರುತ್ತಾಳೆ ಎಂದು ಅದರಿಂದ ತಿಳಿಯುತ್ತದೆ. "ಊಟ ಆಯ್ತಾ?" "ಆಯ್ತು. ನಿಂದು?" "ಆಯ್ತು." ಆಮೇಲೆ ಇಬ್ಬರೂ ಫೋನು ಇಡುವುದಿಲ್ಲ. ಕೆಲವು ಸಲ ಅವಳು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ತಾಯಿ ಹೇಳಲು ಹೇಳಿದ್ದ 'ಬಂದ್ಯಲ್ಲ, ಸಾಕು' ಎಂಬ ಆ ಎರಡು ಮಾತನ್ನು ತನ್ನ ಬಾಯಿಂದಲೇ ಆಡಲು ಹೊರಟಿದ್ದಾಳೆ ಎಂದು ಅವನು ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ, "ಇಡ್ತೀನಿ," ಎನ್ನುತ್ತಾಳೆ.

"ಏನಂದ್ರು ನಿಮ್ಮಕ್ಕ?" ಎಂದು ಹೆಂಡತಿ ಕೇಳುತ್ತಾಳೆ.

"ಏನೂ ಇಲ್ಲ."

"ನೀವೇನಂದ್ರಿ?"

"ನಾನೂ ಏನೂ ಇಲ್ಲ."

ಹೆಂಡತಿ ಕತ್ತರಿ ತಂದು ಅವನ ಮುಂದೆ ಇಡುತ್ತಾಳೆ. ಅವನು ದಾರವನ್ನು ಕತ್ತರಿಸುವುದಿಲ್ಲ. ಕತ್ತಲಾಗುವವರೆಗೂ ಅದು ಕೈಯಲ್ಲೇ ಇರುತ್ತದೆ.